ಬೈಕ್‌ನ ಹಿಂದಿನ ಶಾಕ್ ಮತ್ತು ಸ್ವಿಂಗ್‌ಆರ್ಮ್ ಬಿಚ್ಚಿ ಗ್ರೀಸ್ ಹಾಕೋದು ಹೇಗೆ?

ಮಳೆಗಾಲ ಮುಗಿಯುತ್ತಿದ್ದ ಹಾಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಹಂಪ್ ಹತ್ತಿಳಿಯುವಾಗ ಹಿಂದಿನಿಂದ ಕಿರಕಿರ ಸದ್ದು ಬರುತ್ತಿದೆ. ಸ್ವಿಂಗ್‌ಆರ್ಮ್ ಬಿಚ್ಚಿ ಗ್ರೀಸ್ ಹಾಕಬೇಕು ಅಂತಾರೆ. ಮನೆಯಲ್ಲೇ ಮಾಡಬಹುದಾ?"

ಮಾಡಬಹುದು. ಹಿಂದಿನ ಚಕ್ರ ಬಿಚ್ಚಿ ಹಾಕಲು ಬರುವವರಿಗೆ ಇದೂ ಬರುತ್ತದೆ. ಎಂಜಿನ್ ಕೆಲಸದ ಹಾಗೆ ಸೂಕ್ಷ್ಮ ಅಳತೆಗಳೇನೂ ಇಲ್ಲ. ಆದರೆ ಬೈಕ್‌ನ ಹಿಂಭಾಗದ ಭಾರವನ್ನೆಲ್ಲ ಹೊತ್ತಿರುವುದು ಸ್ವಿಂಗ್‌ಆರ್ಮ್ ಮತ್ತು ಶಾಕ್ (ಕುಲುಕಾಟ ತಡೆಯುವ, ಸ್ಪ್ರಿಂಗ್ ಇರುವ ಶಾಕ್ ಅಬ್ಸಾರ್ಬರ್) ಎಂಬ ಈ ಎರಡೇ ಭಾಗಗಳು. ಹಾಗಾಗಿ ಒಂದೊಂದು ಬೋಲ್ಟ್‌ಗೆ ಕೈ ಹಾಕುವ ಮುಂಚೆಯೂ "ಇದು ಹೊರಗೆ ಬಂದರೆ ಈ ಭಾರ ಯಾವುದರ ಮೇಲೆ ಕೂರುತ್ತದೆ?" ಅಂತ ಕೇಳಿಕೊಳ್ಳಿ. ಅದಕ್ಕೆ ಉತ್ತರ ಗೊತ್ತಿಲ್ಲದೆ ಸ್ಪ್ಯಾನರ್ ಹಿಡಿಯಬೇಡಿ. ಈ ಕೆಲಸದಲ್ಲಿ ಕೆಡುವುದೆಲ್ಲ ಹೆಚ್ಚುಕಮ್ಮಿ ಅಲ್ಲಿಂದಲೇ ಶುರುವಾಗುತ್ತದೆ.

ಇಲ್ಲಿ ಉದಾಹರಣೆಗೆ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಇಟ್ಟುಕೊಂಡಿದ್ದೇನೆ. 2016ರಲ್ಲಿ ಬಂದ ಈ ಬೈಕ್‌ನಲ್ಲಿ ಹಿಂದೆ ಒಂದೇ ಶಾಕ್ ಇದೆ, ಅದಕ್ಕೆ ಲಿಂಕೇಜ್ ಇದೆ, ಚಕ್ರಕ್ಕೆ 180 ಮಿ.ಮೀ. ಓಡಾಟ ಇದೆ. ಕೊಡಗು, ಸಕಲೇಶಪುರದ ಎಸ್ಟೇಟ್ ರಸ್ತೆಗಳಲ್ಲಿ ಕೆಸರು ಕುಡಿದ ಈ ಬೈಕ್‌ಗಳು ಸಾಕಷ್ಟಿವೆ. ನಿಮ್ಮದು ಬೇರೆ ಮೋನೋಶಾಕ್, ಅಂದರೆ ಒಂದೇ ಶಾಕ್ ಇರುವ, ಬೈಕ್ ಆದರೂ ಕ್ರಮ ಇದೇ. ಸ್ಪ್ಲೆಂಡರ್ ಥರ ಎರಡು ಶಾಕ್ ಇರುವ ಬೈಕ್‌ಗಳಲ್ಲಿ ಎಲ್ಲಿ ಬದಲಾಗುತ್ತದೋ ಅಲ್ಲಲ್ಲೇ ಹೇಳುತ್ತೇನೆ.

ಮೊದಲು ಹೆಸರುಗಳು

ಸ್ವಿಂಗ್‌ಆರ್ಮ್ ಅಂದರೆ ಹಿಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಕವೆಯಂಥ ಭಾಗ. ಅದರ ಮುಂದಿನ ತುದಿ ಫ್ರೇಮ್‌ಗೆ ಒಂದು ಉದ್ದದ ಬೋಲ್ಟ್‌ನಲ್ಲಿ ಕೂತಿರುತ್ತದೆ. ಅದೇ ಪಿವಟ್ ಬೋಲ್ಟ್. ಈ ಬೋಲ್ಟ್ ಸುತ್ತ ಆರ್ಮ್ ಮೇಲೆ ಕೆಳಗೆ ಆಡುತ್ತದೆ.

ಲಿಂಕೇಜ್ ಅಂದರೆ ಆರ್ಮ್‌ಗೂ ಶಾಕ್‌ನ ಕೆಳತುದಿಗೂ ನಡುವೆ ಇರುವ ಸಣ್ಣ ಸಣ್ಣ ತುಂಡುಗಳು. ಚಕ್ರ ಮೇಲೆ ಹೋದಷ್ಟೂ ಶಾಕ್ ಗಟ್ಟಿಯಾಗುವ ಹಾಗೆ ಮಾಡುವುದು ಇವುಗಳ ಕೆಲಸ. ಎಂಜಿನ್ ಕೆಳಗೆ, ಹಿಂದಿನ ಚಕ್ರದ ಮುಂದೆಯೇ ಇರುವುದರಿಂದ ನೀರು, ಮರಳು, ಕೆಸರು ಎಲ್ಲಕ್ಕಿಂತ ಮೊದಲು ಬಡಿಯುವುದು ಇಲ್ಲಿಗೇ.

ನೀಡಲ್ ಬೇರಿಂಗ್ ಅಂದರೆ ಗುಂಡುಗಳ ಬದಲು ಸೂಜಿಯಂಥ ಸಣ್ಣ ಉಕ್ಕಿನ ಕಡ್ಡಿಗಳಿರುವ ಬೇರಿಂಗ್. ಅದರೊಳಗೆ ಜಾರುವ ನುಣುಪಾದ ಕೊಳವೆಗೆ ಕಾಲರ್ ಅಥವಾ ಸ್ಲೀವ್ ಅನ್ನುತ್ತಾರೆ. ಬೋಲ್ಟ್ ಹೋಗುವುದು ಕಾಲರ್ ಒಳಗಿಂದ.

100–125 ಸಿಸಿ ಬೈಕ್‌ಗಳಲ್ಲಿ ಬಹುಪಾಲು ನೀಡಲ್ ಬೇರಿಂಗ್ ಇರುವುದಿಲ್ಲ, ರಬ್ಬರ್ ಬುಷ್ ಇರುತ್ತದೆ. ಹೊರಗೊಂದು, ಒಳಗೊಂದು ಕಬ್ಬಿಣದ ಕೊಳವೆ, ನಡುವೆ ಅಂಟಿಸಿದ ರಬ್ಬರ್. ಇದಕ್ಕೆ ಗ್ರೀಸ್ ಬೇಡ. ರಬ್ಬರ್ ಹರಿದರೆ ಬದಲಿಸಬೇಕು, ಅಷ್ಟೇ. ಈ ವ್ಯತ್ಯಾಸ ನೆನಪಿರಲಿ, ವಾಪಸ್ ಜೋಡಿಸುವಾಗ ಬೇಕಾಗುತ್ತದೆ.

ನಿಜವಾಗಲೂ ಬಿಚ್ಚಬೇಕಾ? ಮೊದಲು ನೋಡಿ

ಬೈಕ್ ಸೆಂಟರ್ ಸ್ಟ್ಯಾಂಡ್ ಮೇಲಿರಲಿ. ಹಿಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮೇಲೆತ್ತಿ. ಚಕ್ರ ಸ್ವಲ್ಪ ಸುಮ್ನೆ ಎದ್ದು, ಆಮೇಲೆ ಟಕ್ ಅಂತ ನಿಂತು ಶಾಕ್ ಅಡ್ಡ ಬಂದರೆ ಲಿಂಕೇಜ್‌ನಲ್ಲೋ ಶಾಕ್ ತುದಿಯ ಬುಷ್‌ನಲ್ಲೋ ಸಡಿಲು ಇದೆ. ಆಮೇಲೆ ಆರ್ಮ್‌ನ ಹಿಂದಿನ ತುದಿ ಹಿಡಿದು ಎಡಕ್ಕೆ ಬಲಕ್ಕೆ ತಳ್ಳಿ. ಅಲ್ಲಾಡಿದರೆ ಪಿವಟ್ ಬೇರಿಂಗ್ ಸವೆದಿದೆ. ಚಕ್ರ ಮಾತ್ರ ಅಲ್ಲಾಡಿ ಆರ್ಮ್ ಗಟ್ಟಿ ನಿಂತಿದ್ದರೆ ದೋಷ ಚಕ್ರದ ಬೇರಿಂಗ್‌ದು. ಅದಕ್ಕಾಗಿ ಸ್ವಿಂಗ್‌ಆರ್ಮ್ ಬಿಚ್ಚುವ ಅಗತ್ಯವಿಲ್ಲ.

ಅಲುಗಾಟ ಇಲ್ಲ, ಸದ್ದೂ ಇಲ್ಲ, ಆದರೆ ಎರಡು ಮಳೆಗಾಲ ದಾಟಿದೆ ಅಂತಾದರೆ? ಬಿಚ್ಚಿ. ಈ ಕೆಲಸವನ್ನು ಸದ್ದು ಬರುವ ಮುಂಚೆಯೇ ಮಾಡುವುದು ಒಳ್ಳೆಯದು ಅಂತ ನಾನು ಒತ್ತಿ ಹೇಳುತ್ತೇನೆ. ಕಾರಣ ಪಿವಟ್ ಬೋಲ್ಟ್. ನೀರು ಒಳಗಿಳಿದು ಬೋಲ್ಟ್‌ಗೂ ಕಾಲರ್‌ಗೂ ತುಕ್ಕು ಅಂಟಿಕೊಂಡರೆ ಆಮೇಲೆ ಅದನ್ನು ಹೊರಗೆ ತೆಗೆಯಲು ಕಟಿಂಗ್ ವೀಲ್ ಬೇಕಾಗುತ್ತದೆ. ಒಂದು ಡಬ್ಬಿ ಗ್ರೀಸ್‌ನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಹೊಸ ಬೋಲ್ಟ್, ಹೊಸ ಕಾಲರ್, ಹೊಸ ಬೇರಿಂಗ್ ತರಬೇಕಾಗುತ್ತದೆ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಯಲ್ಲಿ ನಿಲ್ಲುವ ಬೈಕ್‌ಗಳಿಗೆ, ವಾರ ವಾರ ಪ್ರೆಶರ್ ವಾಶ್ ಮಾಡಿಸುವ ಬೈಕ್‌ಗಳಿಗೆ ಇದು ಇನ್ನೂ ಬೇಗ ಆಗುತ್ತದೆ.

ಏನೇನು ಬೇಕು

ಸಾಕೆಟ್ ಸೆಟ್, ರಿಂಗ್ ಸ್ಪ್ಯಾನರ್‌ಗಳು, ಅಲೆನ್ ಕೀಗಳು. ಆಕ್ಸಲ್ ಮತ್ತು ಪಿವಟ್ ನಟ್‌ಗಳು ದೊಡ್ಡವು, ಅವಕ್ಕೆ ಉದ್ದ ಹಿಡಿಯ ಬಾರ್ ಬೇಕು. ಎಲ್ಲ ನಟ್‌ಗಳಿಗೂ ನಿಮ್ಮ ಸಾಕೆಟ್ ಕೂರುತ್ತಾ ಅಂತ ಹಿಂದಿನ ದಿನವೇ ನೋಡಿಕೊಳ್ಳಿ. ಅರ್ಧ ಬಿಚ್ಚಿದ ಬೈಕ್ ಬಿಟ್ಟು ಅಂಗಡಿಗೆ ಓಡುವ ಹಾಗಾಗಬಾರದು.

ಟಾರ್ಕ್ ರೆಂಚ್ ಬೇಕೇ ಬೇಕು. ಎಷ್ಟು ಬಿಗಿ ಆಯಿತು ಅಂತ ತೋರಿಸುವ ಸ್ಪ್ಯಾನರ್ ಇದು. ಸ್ವಂತದ್ದು ಇಲ್ಲದಿದ್ದರೆ ಯಾರಿಂದಲಾದರೂ ಒಂದು ದಿನಕ್ಕೆ ಕೇಳಿ ತನ್ನಿ. ನಿಮ್ಮ ಬೈಕ್‌ನ ಸರ್ವಿಸ್ ಮ್ಯಾನುಯಲ್‌ನಲ್ಲಿ ಒಂದೊಂದು ಬೋಲ್ಟ್‌ಗೂ ಎಷ್ಟು ಟಾರ್ಕ್ ಅಂತ ಕೊಟ್ಟಿರುತ್ತಾರೆ, ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹಳೆಯ ಮ್ಯಾನುಯಲ್‌ಗಳಲ್ಲಿ ಕೆ.ಜಿ.-ಮೀಟರ್ ಲೆಕ್ಕ ಇದ್ದರೆ 9.8ರಿಂದ ಗುಣಿಸಿ, ನ್ಯೂಟನ್ ಮೀಟರ್ ಆಗುತ್ತದೆ.

ಗ್ರೀಸ್ ಆರಿಸುವಾಗ ಜಿಪುಣತನ ಬೇಡ. ನೀರಿಗೆ ತೊಳೆದು ಹೋಗದ ಗ್ರೀಸ್ ತನ್ನಿ. ಡಬ್ಬಿ ಮೇಲೆ ಕ್ಯಾಲ್ಸಿಯಂ ಸಲ್ಫೋನೇಟ್ ಅಂತಲೋ ಲಿಥಿಯಂ ಕಾಂಪ್ಲೆಕ್ಸ್ ಅಂತಲೋ ಇರಲಿ, ಗಟ್ಟಿತನ ಎನ್‌ಎಲ್‌ಜಿಐ 2 ಇರಲಿ. ಲಿಂಕೇಜ್‌ಗೆ ಮಾಲಿಬ್ಡಿನಮ್ ಇರುವ ಕಪ್ಪು ಗ್ರೀಸ್ ಹಾಕಿ ಅಂತ ಕೆಲವು ಕಂಪನಿಗಳು ಹೇಳುತ್ತವೆ. ನಿಮ್ಮ ಮ್ಯಾನುಯಲ್ ಹಾಗೆ ಹೇಳಿದರೆ ಅದನ್ನೇ ಹಾಕಿ.

ಇನ್ನು ತುಕ್ಕು ಬಿಡಿಸುವ ಸ್ಪ್ರೇ, ಸೀಮೆಎಣ್ಣೆ ಅಥವಾ ಡೀಸೆಲ್, ಹಳೇ ಬಟ್ಟೆ, ಹಲ್ಲುಜ್ಜುವ ಹಳೇ ಬ್ರಷ್, ಅಂಚಿರುವ ತಟ್ಟೆ, ಸಣ್ಣ ಜಾಕ್, ಬೇರೆ ಬೇರೆ ದಪ್ಪದ ಮರದ ತುಂಡುಗಳು, ಎರಡು ಗಟ್ಟಿ ಬೆಲ್ಟ್ ಅಥವಾ ಹಗ್ಗ. ಹೊಸ ಕಾಟರ್ ಪಿನ್, ಹೊಸ ನೈಲಾಕ್ ನಟ್ ತಂದಿಟ್ಟುಕೊಳ್ಳಿ. ಕಾಟರ್ ಪಿನ್ ಅಂದರೆ ನಟ್ ಕಳಚದ ಹಾಗೆ ತೂತಿನಲ್ಲಿ ತೂರಿಸಿ ಮಡಚುವ ಎರಡೆಳೆ ತಂತಿ. ನೈಲಾಕ್ ಅಂದರೆ ಒಳಗೆ ನೈಲಾನ್ ಉಂಗುರ ಇರುವ, ತಾನಾಗಿ ಸಡಿಲವಾಗದ ನಟ್. ಒಮ್ಮೆ ಬಿಚ್ಚಿದ ಮೇಲೆ ಅದರ ಹಿಡಿತ ಕಡಿಮೆಯಾಗುತ್ತದೆ.

ಜೊತೆಗೆ ಒಬ್ಬರು ಇರಲಿ. ಪಿವಟ್ ಬೋಲ್ಟ್ ಎಳೆಯುವ ಹೊತ್ತಿಗೆ ಎರಡು ಕೈ ಸಾಕಾಗುವುದಿಲ್ಲ. ಮೊದಲ ಸಲ ಆದರೆ ಇಡೀ ದಿನ ಬಿಡುವಿಟ್ಟುಕೊಂಡು ಬೆಳಗ್ಗೆಯೇ ಶುರು ಮಾಡಿ.

1. ಹಿಂದಿನ ದಿನದ ತಯಾರಿ

ಬೈಕ್ ತೊಳೆಯಿರಿ. ಆರ್ಮ್, ಲಿಂಕೇಜ್ ಸುತ್ತ ಅಂಟಿದ ಕೆಸರು ಪೂರ್ತಿ ಹೋಗಲಿ, ಇಲ್ಲದಿದ್ದರೆ ಬಿಚ್ಚುವಾಗ ಅದೇ ಮರಳು ಬೇರಿಂಗ್ ಒಳಗೆ ಬೀಳುತ್ತದೆ. ಒಣಗಿದ ಮೇಲೆ ಪಿವಟ್, ಲಿಂಕೇಜ್, ಶಾಕ್‌ನ ಎಲ್ಲ ನಟ್ ಬೋಲ್ಟ್‌ಗಳ ತುದಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಹಿಂದಿನ ಡಿಸ್ಕ್ ಮೇಲೆ ಸ್ಪ್ರೇ ತಾಗಬಾರದು. ಮೊದಲೇ ಒಂದು ಬಟ್ಟೆ ಮುಚ್ಚಿ.

ಮೊಬೈಲ್‌ನಲ್ಲಿ ಎರಡೂ ಕಡೆಯಿಂದ ಫೋಟೋ ತೆಗೆಯಿರಿ. ಯಾವ ಬೋಲ್ಟ್‌ನ ತಲೆ ಎಡಕ್ಕಿದೆ, ಯಾವುದರದು ಬಲಕ್ಕಿದೆ, ಬ್ರೇಕ್ ಪೈಪ್ ಆರ್ಮ್‌ನ ಮೇಲಿಂದ ಹೋಗಿದೆಯಾ ಒಳಗಿಂದ ಹೋಗಿದೆಯಾ, ಲಿಂಕೇಜ್ ತುಂಡುಗಳ ಯಾವ ಮುಖ ಮುಂದಿದೆ, ಎಲ್ಲವೂ ಕಾಣಬೇಕು. ಶಾಕ್‌ನ ಪ್ರೀಲೋಡ್ ಎಷ್ಟನೇ ಹಲ್ಲಿನಲ್ಲಿದೆ ಅಂತಲೂ ಬರೆದಿಡಿ. ಪ್ರೀಲೋಡ್ ಅಂದರೆ ಸ್ಪ್ರಿಂಗ್ ಅನ್ನು ಮೊದಲೇ ಎಷ್ಟು ಒತ್ತಿ ಇಟ್ಟಿದೆ ಅನ್ನುವ ಸೆಟ್ಟಿಂಗ್.

2. ಬೈಕ್ ನಿಲ್ಲಿಸುವುದು

ಅವಸರ ಮಾಡಲೇಬಾರದ ಹಂತ ಇದು. ಸ್ಟ್ಯಾಂಡ್ ಹಾಕುವ ಮುಂಚೆ 3ನೇ ಹಂತದ ಮೊದಲ ಸಾಲುಗಳನ್ನು ಓದಿಕೊಳ್ಳಿ. ಪ್ಯಾಡಾಕ್ ಸ್ಟ್ಯಾಂಡ್ ಇದೆ ಅಂತ ಕೆಲವರು ಖುಷಿಯಿಂದ ತರುತ್ತಾರೆ. ಅದು ಬೈಕ್ ಎತ್ತುವುದೇ ಸ್ವಿಂಗ್‌ಆರ್ಮ್ ಹಿಡಿದು. ಬಿಚ್ಚಬೇಕಾದದ್ದು ಅದೇ ಆರ್ಮ್ ಆದ್ದರಿಂದ ಈ ಕೆಲಸಕ್ಕೆ ಆ ಸ್ಟ್ಯಾಂಡ್ ನಡೆಯುವುದಿಲ್ಲ.

ಹಿಮಾಲಯನ್‌ಗೆ ಸೆಂಟರ್ ಸ್ಟ್ಯಾಂಡ್ ಇದೆ. ಗಟ್ಟಿ ಸಿಮೆಂಟ್ ನೆಲದ ಮೇಲೆ, ಇಳಿಜಾರಿಲ್ಲದ ಕಡೆ ನಿಲ್ಲಿಸಿ. ಮೆತ್ತಗಿನ ಮಣ್ಣಾದರೆ ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ ಹಾಕಿ. ಆಮೇಲೆ ಸ್ಟ್ಯಾಂಡ್‌ನ ಅಡ್ಡಪಟ್ಟಿಗೂ ಮುಂದಿನ ಚಕ್ರಕ್ಕೂ ಬೆಲ್ಟ್ ಕಟ್ಟಿ ಬಿಗಿ ಮಾಡಿ. ಆಗ ನೀವು ಪಿವಟ್ ನಟ್ ಮೇಲೆ ಬಲ ಹಾಕುವಾಗ ಬೈಕ್ ಮುಂದಕ್ಕೆ ಜರುಗಿದರೂ ಸ್ಟ್ಯಾಂಡ್ ಮಡಚಿಕೊಳ್ಳುವುದಿಲ್ಲ. ಮುಂದಿನ ಬ್ರೇಕ್ ಲಿವರ್ ಒತ್ತಿ ಇನ್ನೊಂದು ಬೆಲ್ಟ್‌ನಲ್ಲಿ ಕಟ್ಟಿಬಿಡಿ. ಬಿಎಸ್6 ಹಿಮಾಲಯನ್ 199 ಕೆ.ಜಿ. ತೂಗುತ್ತದೆ. ಅದು ಒಂದು ಕಡೆಗೆ ವಾಲಲು ಶುರುವಾದರೆ ಒಬ್ಬರ ಕೈಯಲ್ಲಿ ಹಿಡಿಯಲು ಆಗುವುದಿಲ್ಲ.

ಮುಂಚೆಯೇ ಎರಡು ವಿಷಯ ನೋಡಿಕೊಳ್ಳಿ. ಕೆಲವು ಬೈಕ್‌ಗಳಲ್ಲಿ ಸೆಂಟರ್ ಸ್ಟ್ಯಾಂಡ್ ಕೂತಿರುವುದೇ ಪಿವಟ್ ಬೋಲ್ಟ್‌ನ ಮೇಲೆ ಅಥವಾ ಲಿಂಕೇಜ್‌ನ ಬ್ರಾಕೆಟ್ ಮೇಲೆ. ಅಂಥ ಬೈಕ್‌ನಲ್ಲಿ ಆ ಸ್ಟ್ಯಾಂಡ್ ನಂಬಬೇಡಿ. ಫ್ರೇಮ್‌ನ ಕೆಳಕೊಳವೆಗಳ ಕೆಳಗೆ ಜಾಕ್ ಕೊಡಿ, ಇಲ್ಲವೇ ಗ್ಯಾರೇಜಿನ ಗಟ್ಟಿ ಕಂಬಿಗೆ ಹಿಂಭಾಗವನ್ನು ಬೆಲ್ಟ್‌ನಲ್ಲಿ ತೂಗುಹಾಕಿ. ಇನ್ನು ಕೆಲವು ಬೈಕ್‌ಗಳಲ್ಲಿ ಪಿವಟ್ ಬೋಲ್ಟ್ ಎಂಜಿನ್‌ನ ಹಿಂಭಾಗವನ್ನೂ ಹಿಡಿದಿರುತ್ತದೆ. ಹಾಗಿದ್ದರೆ ಎಂಜಿನ್ ಕೆಳಗೂ ಮರದ ತುಂಡಿಟ್ಟು ಆಧಾರ ಕೊಡಿ. ಜಾಕ್‌ನ ತಲೆಯನ್ನು ಸಂಪ್ ಮೇಲೆ, ಅಂದರೆ ಎಂಜಿನ್ ಎಣ್ಣೆ ನಿಲ್ಲುವ ತಳದ ಮೇಲೆ, ನೇರವಾಗಿ ಒತ್ತಬೇಡಿ.

3. ಹಿಂದಿನ ಚಕ್ರ

ಆಕ್ಸಲ್ ನಟ್ ಅನ್ನು ಚಕ್ರ ನೆಲದ ಮೇಲಿರುವಾಗಲೇ ಒಂದು ಸುತ್ತು ಸಡಿಲ ಮಾಡಿಕೊಂಡಿದ್ದರೆ ಒಳ್ಳೆಯದು. ಪಿವಟ್ ನಟ್‌ಗೂ ಹಾಗೇ ಮಾಡಿ. ಮೊದಲ ಬಿಗಿ ಬಿಡಿಸುವುದು ನೆಲದ ಮೇಲೆ, ಉಳಿದದ್ದು ಸ್ಟ್ಯಾಂಡ್ ಮೇಲೆ.

ಚೈನ್ ಅಡ್ಜಸ್ಟರ್ ಸಡಿಲ ಮಾಡಿ, ಚಕ್ರ ಮುಂದೆ ತಳ್ಳಿ, ಚೈನ್ ಇಳಿಸಿ, ಆಕ್ಸಲ್ ಎಳೆಯಿರಿ. ಕ್ಯಾಲಿಪರ್, ಅಂದರೆ ಪ್ಯಾಡ್‌ಗಳಿಂದ ಡಿಸ್ಕ್ ಹಿಡಿಯುವ ಬ್ರೇಕ್ ಭಾಗ, ಕೈಗೆ ಬಂದಾಗ ಅದನ್ನು ಹಗ್ಗದಲ್ಲಿ ಫ್ರೇಮ್‌ಗೆ ತೂಗುಹಾಕಿ. ಬ್ರೇಕ್ ಪೈಪ್‌ನಲ್ಲೇ ನೇತಾಡಲು ಬಿಡಬೇಡಿ. ಪ್ಯಾಡ್‌ಗಳ ನಡುವೆ ಒಂದು ರಟ್ಟು ಸಿಕ್ಕಿಸಿ, ಇನ್ನು ಬ್ರೇಕ್ ಪೆಡಲ್ ಮುಟ್ಟಬೇಡಿ. ಡಿಸ್ಕ್ ಇಲ್ಲದಾಗ ಯಾರಾದರೂ ಪೆಡಲ್ ತುಳಿದರೆ ಪಿಸ್ಟನ್ ಹೊರಗೆ ಬಂದು ಹೊಸ ತಲೆನೋವು ಶುರುವಾಗುತ್ತದೆ. ಎಬಿಎಸ್ ಇದ್ದರೆ ಸೆನ್ಸರ್ ಬಿಚ್ಚಿ ಪಕ್ಕಕ್ಕೆ ಕಟ್ಟಿ.

ಡ್ರಮ್ ಬ್ರೇಕ್ ಇರುವ ಬೈಕ್‌ಗಳಲ್ಲಿ ಬ್ರೇಕ್ ರಾಡ್‌ನ ನಟ್ ಬಿಚ್ಚಬೇಕು, ಡ್ರಮ್ ಪ್ಲೇಟನ್ನು ಆರ್ಮ್‌ಗೆ ಹಿಡಿದಿರುವ ಟಾರ್ಕ್ ಪಟ್ಟಿಯನ್ನೂ ಬಿಚ್ಚಬೇಕು. ಆಕ್ಸಲ್ ಮೇಲಿನ ಸ್ಪೇಸರ್‌ಗಳು ಎಡದ್ದು ಯಾವುದು, ಬಲದ್ದು ಯಾವುದು ಅಂತ ಗುರುತು ಮಾಡಿ ಆಕ್ಸಲ್‌ಗೇ ಪೋಣಿಸಿಡಿ.

4. ಶಾಕ್ ಇಳಿಸುವುದು

ಸೀಟ್, ಪಕ್ಕದ ಪ್ಯಾನೆಲ್‌ಗಳನ್ನು ತೆಗೆಯಿರಿ. ಮೇಲಿನ ಬೋಲ್ಟ್‌ಗೆ ದಾರಿ ಕಾಣಬೇಕು. ಸೈಲೆನ್ಸರ್ ಅಡ್ಡ ಬಂದರೆ ಅದನ್ನೂ ಇಳಿಸಿಬಿಡಿ. ಎರಡು ಬೋಲ್ಟ್ ಉಳಿಸಲು ಹೋಗಿ ಒಂದು ಗಂಟೆ ಒದ್ದಾಡುವುದು ಬೇಡ.

ಈಗ ಆರ್ಮ್ ಶಾಕ್‌ನಿಂದ ಜೋತಾಡುತ್ತಿದೆ. ಅದರ ಭಾರವೆಲ್ಲ ಶಾಕ್‌ನ, ಲಿಂಕೇಜ್‌ನ ಬೋಲ್ಟ್‌ಗಳ ಮೇಲಿದೆ. ಆರ್ಮ್‌ನ ಹಿಂದಿನ ಭಾಗದ ಕೆಳಗೆ ಸಣ್ಣ ಜಾಕ್ ಇಟ್ಟು, ನಡುವೆ ಮರದ ತುಂಡು ಕೊಡಿ. ಲಿಂಕೇಜ್‌ನ ನಟ್ ತೆಗೆದು, ಒಂದು ಕೈಯಲ್ಲಿ ಬೋಲ್ಟ್‌ನ ತಲೆಯನ್ನು ಬೆರಳಲ್ಲೇ ಹೊರಳಿಸುತ್ತಾ ಇನ್ನೊಂದು ಕೈಯಲ್ಲಿ ಜಾಕನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಮೊದಲು ಬೋಲ್ಟ್ ಅಲ್ಲಾಡುವುದೇ ಇಲ್ಲ. ಏರಿಸುತ್ತಾ ಹೋದಂತೆ ಒಂದು ಕ್ಷಣದಲ್ಲಿ ಅದು ಹಗುರಾಗಿ, ಬೆರಳಿಗೇ ತಿರುಗಲು ಶುರುವಾಗುತ್ತದೆ. ಅಲ್ಲೇ ನಿಲ್ಲಿಸಿ. ಆ ಜಾಗದಲ್ಲಿ ಬೋಲ್ಟ್ ತಳ್ಳಿದರೆ ಸುತ್ತಿಗೆ ಇಲ್ಲದೆ ಜಾರಿ ಬರುತ್ತದೆ. ಇನ್ನೂ ಏರಿಸಿದರೆ ಆರ್ಮ್ ಸ್ಪ್ರಿಂಗನ್ನು ಒತ್ತಲು ಶುರು ಮಾಡುತ್ತದೆ, ಬೋಲ್ಟ್ ಮತ್ತೆ ಸಿಕ್ಕಿಕೊಳ್ಳುತ್ತದೆ.

ಸುತ್ತಿಗೆ ಎತ್ತಬೇಕು ಅನ್ನಿಸಿದಾಗೆಲ್ಲ ಮೊದಲು ಜಾಕ್ ಕಡೆ ನೋಡಿ. ಲಿಂಕೇಜ್ ಬೋಲ್ಟ್ ಬರದಿರಲು ಹೆಚ್ಚಿನ ಸಲ ತುಕ್ಕಿಗಿಂತ ಭಾರವೇ ಕಾರಣ.

ಕೆಳಗಿನ ಬೋಲ್ಟ್‌ಗಳು ಮೊದಲು, ಮೇಲಿನದು ಕೊನೆಗೆ. ಮೇಲಿನ ಬೋಲ್ಟ್ ಎಳೆಯುವಾಗ ಶಾಕ್ ಅನ್ನು ಜೊತೆಗಿರುವವರು ಹಿಡಿದಿರಲಿ, ಇಲ್ಲವೇ ಅದು ನೇರ ನೆಲಕ್ಕೆ ಬಿದ್ದು ರಾಡ್‌ಗೆ ಗೀರು ಬೀಳುತ್ತದೆ. ಕೆಲವು ಬೈಕ್‌ಗಳಲ್ಲಿ ಅದು ಕೆಳಗಿನಿಂದ ಬರುತ್ತದೆ, ಕೆಲವದರಲ್ಲಿ ಪಕ್ಕದಿಂದ. ಒತ್ತಾಯ ಮಾಡದೆ, ಅಲ್ಲಿ ಇಲ್ಲಿ ತಿರುಗಿಸಿ ದಾರಿ ನೋಡಿ.

ಎರಡು ಶಾಕ್ ಇರುವ ಬೈಕ್‌ನಲ್ಲಿ ಇದು ತುಂಬ ಸುಲಭ. ಒಂದು ಸಲಕ್ಕೆ ಒಂದೇ ಶಾಕ್ ಬಿಚ್ಚಿ, ಇನ್ನೊಂದು ಆರ್ಮ್ ಹಿಡಿದಿರುತ್ತದೆ. ಗ್ರ್ಯಾಬ್ ರೈಲ್, ಸೀರೆ ಗಾರ್ಡ್ ಹಲವು ಬೈಕ್‌ಗಳಲ್ಲಿ ಶಾಕ್‌ನ ಬೋಲ್ಟ್‌ಗೇ ಸಿಕ್ಕಿಕೊಂಡಿರುತ್ತವೆ. ಅವುಗಳ ವಾಷರ್‌ಗಳ ಕ್ರಮ ಫೋಟೋ ತೆಗೆದಿಡಿ.

ಒಂದು ಗಂಭೀರ ಎಚ್ಚರಿಕೆ. ಶಾಕ್ ಹೊರಗೆ ಬಂದಿದೆ ಅಂತ ಅದನ್ನು ಬಿಚ್ಚಲು ಹೋಗಬೇಡಿ. ಸ್ಪ್ರಿಂಗ್ ಅದರ ಎರಡು ತುದಿಗಳ ನಡುವೆ ಒತ್ತಿ ಕೂತಿರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಬಿಡಿಸಿದರೆ ಹಾರಿ ಮುಖಕ್ಕೆ ಬಡಿಯುತ್ತದೆ. ಮೋನೋಶಾಕ್‌ಗಳಲ್ಲಿ ಬಹಳಷ್ಟಕ್ಕೆ ಒಳಗೆ ಒತ್ತಡದಲ್ಲಿ ನೈಟ್ರೋಜನ್ ಗ್ಯಾಸ್ ಇರುತ್ತದೆ. ಅದಕ್ಕೆ ತೂತು ಹಾಕಬಾರದು, ಬೆಂಕಿ ತೋರಿಸಬಾರದು, ವೆಲ್ಡಿಂಗ್ ಹತ್ತಿರ ಇಡಬಾರದು. ಒಳಗಿನ ಎಣ್ಣೆ, ಸೀಲ್ ಬದಲಿಸುವ ಕೆಲಸ ಸಸ್ಪೆನ್ಷನ್ ಕೆಲಸವನ್ನೇ ಮಾಡುವವರಿಗೆ ಬಿಡಿ. ನೀವು ನೋಡಬೇಕಾದದ್ದು ಇಷ್ಟು: ರಾಡ್ ಮೇಲೆ ಎಣ್ಣೆ ಒಸರಿದೆಯಾ, ಹೊಳಪು ಪದರ ಎದ್ದಿದೆಯಾ, ರಾಡ್ ಬಾಗಿದೆಯಾ, ಎರಡೂ ತುದಿಯ ಬುಷ್ ಹರಿದಿದೆಯಾ.

5. ಸ್ವಿಂಗ್‌ಆರ್ಮ್ ಹೊರಗೆ

ಆರ್ಮ್ ತೆಗೆಯುವ ಮುಂಚೆ ಒಂದು ಪರೀಕ್ಷೆ. ಜಾಕ್ ಇಳಿಸಿ, ಆರ್ಮ್ ಅನ್ನು ಕೈಯಲ್ಲಿ ಪೂರ್ತಿ ಮೇಲೆತ್ತಿ ಮೆಲ್ಲಗೆ ಇಳಿಸಿ. ಶಾಕ್ ಇಲ್ಲದ್ದರಿಂದ ಈಗ ಕೈಗೆ ಸಿಗುವುದು ಪಿವಟ್ ಬೇರಿಂಗ್‌ನ ಚಲನೆ ಮಾತ್ರ. ನಯವಾಗಿ ಬಂದರೆ ಒಳ್ಳೆಯದು. ಹಲ್ಲು ಹಲ್ಲಾಗಿ ತಡೆದು ತಡೆದು ಬಂದರೆ ಬೇರಿಂಗ್ ಹೋಗಿದೆ.

ಬ್ರೇಕ್ ಪೈಪ್, ಎಬಿಎಸ್ ವೈರ್‌ಗಳ ಕ್ಲಿಪ್ ಬಿಡಿಸಿ. ಚೈನ್ ಗಾರ್ಡ್ ತೆಗೆಯಿರಿ. ಚೈನ್ ಕತ್ತರಿಸಬೇಕಿಲ್ಲ. ಮುಂದಿನ ಸ್ಪ್ರಾಕೆಟ್‌ನ (ಎಂಜಿನ್ ಕಡೆ ಚೈನ್ ಕೂರುವ ಹಲ್ಲಿನ ಚಕ್ರದ) ಕವರ್ ಬಿಚ್ಚಿ, ಚೈನ್ ಅನ್ನು ಅಲ್ಲಿಂದ ಇಳಿಸಿದರೆ ಅದು ಆರ್ಮ್ ಜೊತೆಗೇ ಬರುತ್ತದೆ. ಚೈನ್ ಲಾಕ್, ಅಂದರೆ ಕ್ಲಿಪ್ ತೆಗೆದು ಬಿಡಿಸಬಹುದಾದ ಕೊಂಡಿ, ಇರುವ ಬೈಕ್ ಆದರೆ ಲಾಕ್ ಬಿಡಿಸಿ ಚೈನ್ ಬೇರೆ ತೆಗೆದಿಡಿ.

ಪಿವಟ್ ನಟ್ ತೆಗೆಯಿರಿ. ಬೋಲ್ಟ್ ಅನ್ನು ಹೊಡೆಯುವ ಮುಂಚೆ ತಲೆ ಕಡೆಯಿಂದ ತಿರುಗಿಸಿ ನೋಡಿ. ತಿರುಗಿದರೆ ಅರ್ಧ ಗೆದ್ದ ಹಾಗೆ. ಹಿಂದಕ್ಕೆ ಮುಂದಕ್ಕೆ ತಿರುಗಿಸುತ್ತಾ, ಸ್ಪ್ರೇ ಹೊಡೆಯುತ್ತಾ ಹೊರಗೆ ತನ್ನಿ. ಹೊಡೆಯಲೇಬೇಕು ಅಂದರೆ ನಟ್ ಅನ್ನು ಬೋಲ್ಟ್‌ನ ತುದಿಗೆ ಸಮವಾಗಿ ಬರುವ ತನಕ ಸುತ್ತಿ, ಅದರ ಮೇಲೆ ಮರದ ಅಥವಾ ಅಲ್ಯುಮಿನಿಯಂ ತುಂಡು ಇಟ್ಟು ಹೊಡೆಯಿರಿ. ಬರೀ ಬೋಲ್ಟ್‌ನ ತುದಿಗೆ ಸುತ್ತಿಗೆ ಹಾಕಿದರೆ ಅದು ಅಣಬೆಯ ಹಾಗೆ ಅರಳುತ್ತದೆ. ಆಮೇಲೆ ಅದು ಕಾಲರ್ ಒಳಗಿಂದ ಯಾವ ಕಡೆಗೂ ಬರುವುದಿಲ್ಲ.

ಬೋಲ್ಟ್ ತಿರುಗುವುದೇ ಇಲ್ಲ ಅಂದರೆ ಮತ್ತೊಂದು ರಾತ್ರಿ ಸ್ಪ್ರೇಗೆ ಬಿಡಿ. ಹೀಟ್ ಗನ್‌ನಲ್ಲಿ ಬಿಸಿ ಮಾಡುವುದಾದರೆ ಮೊದಲು ಸ್ಪ್ರೇ ಪೂರ್ತಿ ಒರೆಸಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ, ಶಾಕ್ ಕೂಡ ದೂರ ಇರಲಿ. ಅದಕ್ಕೂ ಬಗ್ಗದಿದ್ದರೆ ಲೇತ್ ಇರುವ ಗ್ಯಾರೇಜಿಗೆ ಒಯ್ಯುವುದೇ ಸರಿ.

ಬೋಲ್ಟ್ ಪೂರ್ತಿ ಹೊರಬರುವಾಗ ಆರ್ಮ್ ಅನ್ನು ಒಬ್ಬರು ಹಿಡಿದಿರಲಿ. ಎರಡೂ ಪಕ್ಕದಲ್ಲಿ ತೆಳುವಾದ ಶಿಮ್ ಅಥವಾ ವಾಷರ್‌ಗಳು ಇರಬಹುದು. ಆರ್ಮ್ ಹಿಂದಕ್ಕೆ ಎಳೆಯುವಾಗ ಇವು ಸದ್ದಿಲ್ಲದೆ ಬೀಳುತ್ತವೆ. ಕೆಳಗೆ ಬಿಳಿ ಬಟ್ಟೆ ಹಾಸಿದ್ದರೆ ಬಿದ್ದದ್ದು ಕಾಣುತ್ತದೆ. ಯಾವುದು ಯಾವ ಕಡೆಯದು ಅಂತ ಅಲ್ಲೇ ಗುರುತು ಮಾಡಿ.

6. ತೊಳೆದು ನೋಡುವುದು

ಕಾಲರ್‌ಗಳನ್ನು ತಟ್ಟೆಯ ಮೇಲೆಯೇ ಹೊರಗೆ ತಳ್ಳಿ. ಕೆಲವು ನೀಡಲ್ ಬೇರಿಂಗ್‌ಗಳಲ್ಲಿ ಕಡ್ಡಿಗಳನ್ನು ಹಿಡಿದಿಡುವ ಪಂಜರ ಇರುವುದಿಲ್ಲ. ಕಾಲರ್ ಬಂದ ತಕ್ಷಣ ಕಡ್ಡಿಗಳು ಒಂದೊಂದೇ ಉದುರುತ್ತವೆ. ಗಾಬರಿ ಬೇಡ. ಎಷ್ಟಿವೆ ಅಂತ ಎಣಿಸಿಡಿ. ಚೆನ್ನಾಗಿದ್ದರೆ ಗ್ರೀಸ್ ಸವರಿ ಒಂದೊಂದಾಗಿ ಮತ್ತೆ ಅಂಟಿಸಿ ಕೂರಿಸಬಹುದು.

ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳೆಯಿರಿ. ರಬ್ಬರ್ ಸೀಲ್‌ಗಳನ್ನು ಅದರಲ್ಲಿ ನೆನೆಸಬೇಡಿ, ಉಬ್ಬುತ್ತವೆ. ಅವಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ತೊಳೆದ ಕಾಲರ್ ಅನ್ನು ಬೆಳಕಿಗೆ ಹಿಡಿದು ಉಗುರು ಸವರಿ. ಬರೀ ಬಣ್ಣ ಬದಲಾಗಿದ್ದು ಉಗುರಿಗೆ ಏನೂ ತಾಗದಿದ್ದರೆ ಇನ್ನೂ ನಡೆಯುತ್ತದೆ. ಸಾಲು ಸಾಲಾಗಿ ಗೀರು ತಾಗಿದರೆ, ತುಕ್ಕಿನ ಗುಳಿ ಸಿಕ್ಕರೆ, ಕಾಲರ್ ಮತ್ತು ಬೇರಿಂಗ್ ಎರಡನ್ನೂ ಬದಲಿಸಿ. ಹಳೇ ಕಾಲರ್ ಮೇಲೆ ಹೊಸ ಬೇರಿಂಗ್ ಹಾಕಿದರೆ ಹೊಸದೂ ಬೇಗ ಹಾಳಾಗುತ್ತದೆ. ಗುಳಿ ಬಿದ್ದ ಕಾಲರ್‌ಗೆ ಎಮರಿ ಪೇಪರ್ ಉಜ್ಜಿ ಸರಿ ಮಾಡಲು ಹೋಗಬೇಡಿ.

ಹಳೇ ಬೇರಿಂಗ್ ತೆಗೆಯುವ ಮುಂಚೆ ಅದು ಆರ್ಮ್‌ನ ಅಂಚಿನಿಂದ ಎಷ್ಟು ಒಳಗೆ ಕೂತಿದೆ ಅಂತ ಅಳೆದಿಡಿ. ಹೊಸದನ್ನು ಅಷ್ಟೇ ಆಳಕ್ಕೆ ಕೂರಿಸಬೇಕು, ಇಲ್ಲದಿದ್ದರೆ ಸೀಲ್‌ಗೆ ಜಾಗ ಸಿಗುವುದಿಲ್ಲ. ಇದನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಬೇಡಿ. ಬೇರಿಂಗ್‌ನ ಹೊರಚಿಪ್ಪು ತುಂಬ ತೆಳು, ಒಂದೇ ಏಟಿಗೆ ಸೊಟ್ಟಗಾಗುತ್ತದೆ. ಉದ್ದದ ಬೋಲ್ಟ್, ದಪ್ಪ ವಾಷರ್, ಸರಿಯಾದ ಅಳತೆಯ ಸಾಕೆಟ್ ಇಟ್ಟು ನಟ್ ಬಿಗಿ ಮಾಡುತ್ತಾ ಒಳಗೆ ಎಳೆಯಬಹುದು. ಅಕ್ಷರ, ನಂಬರ್ ಕೊರೆದಿರುವ ಮುಖಕ್ಕೇ ಒತ್ತಬೇಕು. ಧೈರ್ಯ ಇಲ್ಲದಿದ್ದರೆ ಆರ್ಮ್ ಅನ್ನು ಪ್ರೆಸ್ ಇರುವ ಲೇತ್ ಅಂಗಡಿಗೆ ಕೊಂಡೊಯ್ಯಿರಿ. ರಬ್ಬರ್ ಬುಷ್ ಬದಲಿಸಲು ಎಲ್ಲರೂ ಅಲ್ಲಿಗೇ ಹೋಗುವುದು ಒಳ್ಳೆಯದು.

ಆರ್ಮ್‌ನ ವೆಲ್ಡಿಂಗ್ ಸಾಲುಗಳನ್ನು, ಮುಖ್ಯವಾಗಿ ಲಿಂಕೇಜ್ ಸೇರುವ ಜಾಗವನ್ನು, ಬಿರುಕು ಇದೆಯಾ ಅಂತ ನೋಡಿ. ಚೈನ್ ಕೆಳಗಿರುವ ಪ್ಲಾಸ್ಟಿಕ್ ಸ್ಲೈಡರ್ ತೂತಾಗುವಷ್ಟು ಸವೆದಿದ್ದರೆ ಈಗಲೇ ಬದಲಿಸಿ. ಅದು ಹೋದರೆ ಚೈನ್ ಆರ್ಮ್‌ನ ಕಬ್ಬಿಣವನ್ನೇ ತಿನ್ನುತ್ತದೆ.

7. ಗ್ರೀಸ್

ಮೇಲೆ ಮೇಲೆ ಸವರುವುದು ಬೇಡ. ಬೆರಳಲ್ಲಿ ಒತ್ತಿ ಒತ್ತಿ ಕಡ್ಡಿಗಳ ನಡುವೆ ತುಂಬಿಸಿ, ಕಾಲರ್ ಹಾಕಿ ತಿರುಗಿಸಿ, ಮತ್ತೆ ತೆಗೆದು ಇನ್ನೊಮ್ಮೆ ತುಂಬಿಸಿ. ಸೀಲ್‌ನ ತುಟಿಗೂ ಹಚ್ಚಿ. ಪಿವಟ್ ಬೋಲ್ಟ್‌ನ ಮೈಗೆ ಉದ್ದಕ್ಕೂ ತೆಳುವಾಗಿ ಸವರಿ. ಮುಂದಿನ ಸಲ ಬೋಲ್ಟ್ ಕೈಯಲ್ಲೇ ಬರಬೇಕಾದರೆ ಇದು ಬೇಕು. ದಾರ, ಅಂದರೆ ನಟ್ ಸುತ್ತುವ ತಿರುಪು ಭಾಗ, ಒಣಗಿರಲಿ. ಅಲ್ಲಿ ಗ್ರೀಸ್ ಇದ್ದರೆ ಟಾರ್ಕ್ ರೆಂಚ್ ಅಷ್ಟೇ ತೋರಿಸಿದರೂ ಬೋಲ್ಟ್ ಜಾಸ್ತಿ ಎಳೆದುಕೊಳ್ಳುತ್ತದೆ. ರಬ್ಬರ್ ಬುಷ್‌ಗೆ ಗ್ರೀಸ್ ಹಾಕಬೇಡಿ, ರಬ್ಬರ್ ಕೊಳೆಯುತ್ತದೆ.

8. ವಾಪಸ್ ಜೋಡಿಸುವುದು

ಎಲ್ಲರೂ ಮರೆಯುವುದು ಇದನ್ನೇ: ಆರ್ಮ್ ಕೂರಿಸುವ ಮುಂಚೆ ಚೈನ್ ಅದರ ಜಾಗದಲ್ಲಿ ಬಂದಿದೆಯಾ ನೋಡಿ. ಮೇಲಿನ ಎಳೆ ಆರ್ಮ್‌ನ ಪಿವಟ್ ಕೊಳವೆಯ ಮೇಲೆ, ಕೆಳಗಿನದು ಅದರ ಕೆಳಗೆ ಇರಬೇಕು. ಮರೆತು ಪಿವಟ್ ಬಿಗಿ ಮಾಡಿದರೆ ಮತ್ತೆ ಎಲ್ಲ ಬಿಚ್ಚಬೇಕು.

ಆರ್ಮ್, ಶಿಮ್, ಪಿವಟ್ ಬೋಲ್ಟ್. ಆಮೇಲೆ ಶಾಕ್‌ನ ಮೇಲಿನ ಬೋಲ್ಟ್, ಆಮೇಲೆ ಲಿಂಕೇಜ್. ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಲ್ಲೇ ಸುತ್ತಿ ಬಿಡಿ. ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂತ ಮೇಲೆ ಚೀಟಿ ನೋಡಿ ಟಾರ್ಕ್ ಕೊಡಿ. ಬಿಗಿ ಮಾಡಿದ ಪ್ರತಿ ನಟ್ ಮೇಲೂ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಯಾವುದು ಬಿಟ್ಟುಹೋಯಿತು ಅಂತ ಆಗಲೇ ಕಾಣುತ್ತದೆ, ಮುಂದೆ ಸಡಿಲವಾದರೂ ಗೆರೆ ತಪ್ಪಿರುವುದು ಕಾಣುತ್ತದೆ.

ಪಿವಟ್‌ನಲ್ಲಿ ರಬ್ಬರ್ ಬುಷ್ ಇರುವ ಬೈಕ್‌ಗೆ ಮಾತ್ರ ನಿಯಮ ಬೇರೆ. ಪಿವಟ್ ನಟ್‌ನ ಕೊನೆಯ ಬಿಗಿಯನ್ನು ಚಕ್ರ ನೆಲದ ಮೇಲಿದ್ದು, ಬೈಕ್‌ನ ಭಾರ ಅದರ ಮೇಲೆ ಕೂತಾಗಲೇ ಕೊಡಬೇಕು. ಆ ಬುಷ್‌ನ ಒಳಕೊಳವೆ ಬೋಲ್ಟ್ ಬಿಗಿಯಾದ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ, ಆಡುವುದು ನಡುವಿನ ರಬ್ಬರ್. ಆರ್ಮ್ ಜೋತಾಡುವಾಗಲೇ ಬಿಗಿ ಮಾಡಿದರೆ ಬೈಕ್ ಇಳಿಸಿದ ಕ್ಷಣದಿಂದಲೇ ರಬ್ಬರ್ ಹಿಂಡಿಕೊಂಡಿರುತ್ತದೆ, ಬೇಗ ಹರಿಯುತ್ತದೆ.

ಚಕ್ರ ಹಾಕಿದ ಮೇಲೆ ಚೈನ್. ಮುಂದಿನ ಸ್ಪ್ರಾಕೆಟ್, ಪಿವಟ್, ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗಿರುತ್ತದೆ. ಹಿಮಾಲಯನ್‌ನಂಥ ಉದ್ದ ಓಡಾಟದ ಬೈಕ್‌ನಲ್ಲಿ ಸ್ಟ್ಯಾಂಡ್ ಮೇಲಿನ ಸಡಿಲಿಗೂ ಇಲ್ಲಿನ ಸಡಿಲಿಗೂ ತುಂಬ ವ್ಯತ್ಯಾಸ. ಮ್ಯಾನುಯಲ್ ಹೇಳಿದಷ್ಟು ಸಡಿಲು ಕೊಟ್ಟು, ಇಬ್ಬರನ್ನು ಬೈಕ್ ಮೇಲೆ ಕೂರಿಸಿ, ಆಗಲೂ ಚೈನ್ ಸ್ವಲ್ಪ ಆಡುತ್ತಾ ಅಂತ ಬೆರಳಲ್ಲಿ ನೋಡಿ. ಎಂಜಿನ್ ಬಂದ್ ಇರಲಿ, ಬೈಕ್ ನ್ಯೂಟ್ರಲ್‌ನಲ್ಲಿರಲಿ. ಚಕ್ರ ನೇರ ಇದೆಯಾ ಅಂತ ನೋಡಲು ಅಡ್ಜಸ್ಟರ್ ಮೇಲಿನ ಗೆರೆಗಳನ್ನಷ್ಟೇ ನಂಬಬೇಡಿ. ಪಿವಟ್ ಬೋಲ್ಟ್‌ನ ನಡುವಿನಿಂದ ಆಕ್ಸಲ್‌ನ ನಡುವಿಗೆ ಎರಡೂ ಕಡೆ ಟೇಪ್ ಹಿಡಿದು ಅಳೆಯಿರಿ. ಚೈನ್ ಲಾಕ್ ಇದ್ದರೆ ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಲಿ.

9. ರಸ್ತೆಗೆ ಇಳಿಯುವ ಮುಂಚೆ

ಬ್ರೇಕ್ ಪೆಡಲ್ ಗಟ್ಟಿಯಾಗುವ ತನಕ ತುಳಿಯಿರಿ. ಮೊದಲ ಸಲಕ್ಕೆ ಪೆಡಲ್ ಖಾಲಿ ಹೋಗಬಹುದು, ಅದನ್ನು ಗೇಟಿನ ಹೊರಗೆ ಹೋದ ಮೇಲೆ ಕಂಡುಕೊಳ್ಳಬಾರದು. ಡ್ರಮ್ ಬೈಕ್‌ನಲ್ಲಿ ಟಾರ್ಕ್ ಪಟ್ಟಿಯ ನಟ್, ಅದರ ಕಾಟರ್ ಪಿನ್ ಎರಡನ್ನೂ ಕೈಯಿಂದ ಮುಟ್ಟಿ ನೋಡಿ. ಅದು ಇಲ್ಲದೆ ಬ್ರೇಕ್ ಹಿಡಿದರೆ ಡ್ರಮ್ ಪ್ಲೇಟ್ ಚಕ್ರದ ಜೊತೆ ತಿರುಗಿ ಚಕ್ರ ಲಾಕ್ ಆಗುತ್ತದೆ.

ಸೀಟ್ ಒತ್ತಿ ಬಿಡಿ. ಸದ್ದಿಲ್ಲದೆ ಏರಬೇಕು. ಬ್ರೇಕ್ ಪೈಪ್, ಎಬಿಎಸ್ ವೈರ್ ಆರ್ಮ್‌ನ ಪೂರ್ತಿ ಓಡಾಟದಲ್ಲಿ ಎಲ್ಲೂ ಎಳೆಯಬಾರದು, ಟೈರ್‌ಗೆ ತಾಗಬಾರದು. ಬಿಚ್ಚಿದ ಬೋಲ್ಟ್‌ಗಳ ತಟ್ಟೆ ಖಾಲಿ ಇರಬೇಕು. ಒಂದು ವಾಷರ್ ಉಳಿದಿದ್ದರೂ ಮೊದಲು ತೆಗೆದಿಟ್ಟ ಫೋಟೋ ನೋಡಿ, ಅದರ ಜಾಗ ಹುಡುಕಿ.

ಮನೆಯ ಸುತ್ತ ನಿಧಾನ ಓಡಿಸಿ. ಸುಮಾರು 100 ಕಿ.ಮೀ. ಆದ ಮೇಲೆ ಎಲ್ಲ ನಟ್‌ಗಳ ಗೆರೆ ನೋಡಿ, ಚೈನ್ ಮತ್ತೆ ಅಳೆಯಿರಿ.

ಪ್ರತಿ ವರ್ಷ ಇಷ್ಟೆಲ್ಲ ಬಿಚ್ಚಲು ಆಗುವುದಿಲ್ಲ ಅನ್ನುವವರು ಲಿಂಕೇಜ್ ಒಂದನ್ನಾದರೂ ಮಾಡಿ. ಅದಕ್ಕೆ ಪಿವಟ್ ಮುಟ್ಟಬೇಕಿಲ್ಲ, ಆರ್ಮ್ ಕೆಳಗೆ ಜಾಕ್ ಕೊಟ್ಟು ಕೆಳಗಿನ ಬೋಲ್ಟ್‌ಗಳನ್ನಷ್ಟೇ ತೆಗೆದು ಗ್ರೀಸ್ ತುಂಬಿಸಿದರೆ ಸಾಕು. ಅರ್ಧ ದಿನದ ಕೆಲಸ. ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ ಮಾಡಿ. ಪಿವಟ್ ಅನ್ನು ಎರಡು ವರ್ಷಕ್ಕೊಮ್ಮೆ ಬಿಚ್ಚಿ. ಕರಾವಳಿಯವರು, ಹೊಳೆ ದಾಟುವವರು ಅದನ್ನೂ ಪ್ರತಿ ವರ್ಷವೇ ಮಾಡಬೇಕು. ಬೈಕ್ ತೊಳೆಯುವಾಗ ಪ್ರೆಶರ್ ವಾಶರ್‌ನ ಬಾಯಿಯನ್ನು ಪಿವಟ್, ಲಿಂಕೇಜ್ ಕಡೆ ನೇರ ಹಿಡಿಯಬೇಡಿ ಅಂತ ತೊಳೆಯುವವರಿಗೂ ಹೇಳಿ.